ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕ ಅಧ್ಯಕ್ಷರ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದು ಯಾರು?

ಅಮೆರಿಕದ ಅಧ್ಯಕ್ಷರು ವರ್ಷಕ್ಕೊಮ್ಮೆ ಅಲ್ಲಿನ ಸಂಸತ್ತಿನ, ಅಂದರೆ ಕಾಂಗ್ರೆಸ್ಸಿನ, ಎರಡೂ ಸದನಗಳ ಮುಂದೆ ನಿಂತು ಟಿವಿಯಲ್ಲಿ ಭಾಷಣ ಮಾಡುತ್ತಾರಲ್ಲ, ಸ್ಟೇಟ್ ಆಫ್ ದಿ ಯೂನಿಯನ್ ಅಂತ, ಅದರ ಬಗ್ಗೆ ಪ್ರಶ್ನೆಗಳು ರಾಶಿ ಬಿದ್ದಿವೆ. ಭಾಷಣದಲ್ಲಿ ಏನಿತ್ತು ಅಂತ ಕೇಳಿದವರು ಕಡಿಮೆ. ಜನ ಏನಂದರು, ಯಾಕೆ ಹಾಗಂದರು ಅಂತ ಕೇಳಿದವರೇ ಜಾಸ್ತಿ. ಒಳ್ಳೆಯದಾಯಿತು, ನನಗೂ ಆಸಕ್ತಿ ಇರುವುದು ಅದರಲ್ಲೇ.

ಪ್ರಶ್ನೆ: ಭಾಷಣ ಮುಗಿದು ಸ್ವಲ್ಪ ಹೊತ್ತಿಗೇ ಟಿವಿಯವರು "ನೋಡಿದವರಲ್ಲಿ ಇಷ್ಟು ಜನ ಮೆಚ್ಚಿದರು" ಅಂತ ಸಮೀಕ್ಷೆ ತೋರಿಸುತ್ತಾರೆ. ಅದು ಯಾವಾಗಲೂ ಚೆನ್ನಾಗೇ ಇರುತ್ತೆ. ಫೋನ್ ತೆಗೆದರೆ ಮಾತ್ರ ಎಲ್ಲರೂ ಬೈಯುತ್ತಿರುತ್ತಾರೆ. ಯಾವುದನ್ನು ನಂಬೋದು ಸರ್?

ಉತ್ತರ: ಎರಡೂ ಸುಳ್ಳಲ್ಲ. ಆದರೆ ಎರಡೂ ದೇಶದ ಅಭಿಪ್ರಾಯವೂ ಅಲ್ಲ.

ಸಮೀಕ್ಷೆಯವರು ಕೇಳುವುದು ಭಾಷಣ ನೋಡಿದವರನ್ನು ಮಾತ್ರ. ಕೂತು ನೋಡುವವರು ಯಾರು ಹೇಳಿ? ಜಾಸ್ತಿ ಪಾಲು ಅಧ್ಯಕ್ಷರನ್ನು ಮೊದಲೇ ಇಷ್ಟಪಟ್ಟವರು. ಆಗದವರು ಚಾನೆಲ್ ಬದಲಿಸಿರುತ್ತಾರೆ, ಇಲ್ಲ ಟಿವಿ ಆರಿಸಿ ಮಲಗಿರುತ್ತಾರೆ. 2018ರಲ್ಲಿ ಟ್ರಂಪ್ ಮಾತಾಡಿದ ರಾತ್ರಿ ಸಿಬಿಎಸ್ ಚಾನೆಲ್ ಮಾಡಿದ ಸಮೀಕ್ಷೆಯಲ್ಲಿ, ನೋಡಿದ ನಾಲ್ವರಲ್ಲಿ ಮೂವರು ಭಾಷಣ ಒಪ್ಪಿದ್ದರು. ಕೇಳಿದರೆ ದೇಶಕ್ಕೆ ದೇಶವೇ ಎದ್ದು ನಿಂತು ಚಪ್ಪಾಳೆ ತಟ್ಟಿತು ಅನ್ನಿಸುತ್ತೆ, ಅಲ್ವಾ? ಅದೇ ಸಮೀಕ್ಷೆಯ ಒಳಗೆ ಇನ್ನೊಂದು ಲೆಕ್ಕ ಇತ್ತು. ನೋಡಿದವರಲ್ಲಿ ಅಧ್ಯಕ್ಷರದೇ ಪಕ್ಷವಾದ ರಿಪಬ್ಲಿಕನ್ ಕಡೆಯವರು ಶೇ. 42, ಎದುರು ಪಕ್ಷವಾದ ಡೆಮಾಕ್ರಾಟ್ ಕಡೆಯವರು ಶೇ. 25. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇದು ಆ ಲೆಕ್ಕ. ಡೆಮಾಕ್ರಾಟ್ ಅಧ್ಯಕ್ಷ ನಿಂತ ವರ್ಷ ನೋಡುಗರೂ ಆ ಕಡೆಗೆ ವಾಲುತ್ತಾರೆ, ಆಗಲೂ "ಜನ ಮೆಚ್ಚಿದರು" ಅಂತಲೇ ಫಲಿತಾಂಶ ಬರುತ್ತೆ. ಸಮೀಕ್ಷೆ ಮಾಡುವವರೇನೂ ಇದನ್ನು ಮುಚ್ಚಿಡುವುದಿಲ್ಲ, ಸಿಎನ್‌ಎನ್‌ನವರು ತಮ್ಮ ನೋಡುಗರು ಯಾವ ಕಡೆಗೆ ವಾಲಿದ್ದಾರೆ ಅಂತ ಹೇಳಿಯೇ ಅಂಕಿ ಕೊಡುತ್ತಾರೆ, ಆದರೆ ಮರುದಿನ ಆ ಅಂಕಿಯನ್ನು ಎತ್ತಿ ಹಂಚುವವರು ಆ ಸಾಲನ್ನು ಕತ್ತರಿಸಿ ಎಸೆದಿರುತ್ತಾರೆ.

ಇನ್ನು ಫೋನ್. ಅಲ್ಲಿ ಬರೆಯುವವರು ಎರಡು ತುದಿಯವರು. ಒಬ್ಬರಿಗೆ ತಡೆಯಲಾಗದಷ್ಟು ಖುಷಿ, ಇನ್ನೊಬ್ಬರಿಗೆ ತಡೆಯಲಾಗದಷ್ಟು ಸಿಟ್ಟು. ಸುಮಾರಾಗಿತ್ತಪ್ಪ ಅಂದುಕೊಂಡವನು ಏನು ಬರೆಯುತ್ತಾನೆ? ಏನೂ ಇಲ್ಲ. ಹೀಗೆ ಏನೂ ಬರೆಯದವರೇ ಆ ದೇಶದಲ್ಲಿ ಬಹುಪಾಲು.

ಇನ್ನೊಂದು ತಮಾಷೆ ಇದೆ. ಕೆಲವರು ಒಂದಷ್ಟು ಮತದಾರರನ್ನು ಕೋಣೆಯಲ್ಲಿ ಕೂರಿಸಿ ಕೈಗೆ ತಿರುಗಿಸುವ ಗುಂಡಿ ಕೊಡುತ್ತಾರೆ. ಇಷ್ಟವಾದರೆ ಮೇಲಕ್ಕೆ, ಇಲ್ಲದಿದ್ದರೆ ಕೆಳಕ್ಕೆ. ಆ ಗೆರೆ ಏರಿಳಿಯುವುದನ್ನು ನೋಡೋದು ಮಜಾನೇ. ಆದರೆ ಅದು ಅಳೆಯುವುದು ಆ ಕ್ಷಣದ ಹಿತವನ್ನು. ಒಂದು ವಾರ ಬಿಟ್ಟು ಅದೇ ಜನರನ್ನು ಕೇಳಿದರೆ ಅರ್ಧ ಮರೆತಿರುತ್ತಾರೆ.

ಪ್ರಶ್ನೆ: ನಿಜವಾಗಿ ಎಷ್ಟು ಜನ ನೋಡುತ್ತಾರೆ?

ಉತ್ತರ: ನೀಲ್ಸನ್ ಅನ್ನುವ ಸಂಸ್ಥೆ ಟಿವಿ ನೋಡುಗರ ಲೆಕ್ಕ ಇಡುತ್ತೆ. 1993ರಲ್ಲಿ ಕ್ಲಿಂಟನ್ ಅಧ್ಯಕ್ಷರಾಗಿ ಮೊದಲ ಸಲ ಕಾಂಗ್ರೆಸ್ಸಿನ ಮುಂದೆ ಮಾತಾಡಿದಾಗ ಸುಮಾರು 6 ಕೋಟಿ 70 ಲಕ್ಷ ಜನ. 2003ರಲ್ಲಿ, ಇರಾಕ್ ಯುದ್ಧ ಇನ್ನೇನು ಶುರುವಾಗಬೇಕು ಅನ್ನುವಾಗ, ಜಾರ್ಜ್ ಬುಷ್ ಮಾತಿಗೆ ಸುಮಾರು 6 ಕೋಟಿ 20 ಲಕ್ಷ. 2019ರಲ್ಲಿ ಟ್ರಂಪ್‌ಗೆ 4 ಕೋಟಿ 70 ಲಕ್ಷದ ಹತ್ತಿರ. 2023ರಲ್ಲಿ ಬೈಡನ್‌ಗೆ 2 ಕೋಟಿ 73 ಲಕ್ಷ, ಮರುವರ್ಷ 3 ಕೋಟಿ 22 ಲಕ್ಷ. 2025ರ ಮಾರ್ಚ್‌ನಲ್ಲಿ ಟ್ರಂಪ್‌ಗೆ 3 ಕೋಟಿ 66 ಲಕ್ಷ.

ಅಮೆರಿಕದ ಜನಸಂಖ್ಯೆ 33 ಕೋಟಿಗೂ ಮೇಲೆ. ಅಂದರೆ ಹತ್ತು ಜನರಲ್ಲಿ ಒಬ್ಬರು ನೋಡಿದರು ಅಂತ ಇಟ್ಟುಕೊಳ್ಳಿ. ಅದರಲ್ಲೂ 2023ರ ನೋಡುಗರಲ್ಲಿ ಮುಕ್ಕಾಲು ಪಾಲಿನಷ್ಟು ಜನ 55 ದಾಟಿದವರು. ಹುಡುಗ ಹುಡುಗಿಯರು ನೋಡುವುದೇ ಇಲ್ಲ ಅಂತಲ್ಲ, ಮರುದಿನ ಬೆಳಗ್ಗೆ ಅರ್ಧ ನಿಮಿಷದ ತುಣುಕು ನೋಡುತ್ತಾರೆ, ಅದನ್ನು ಯಾರೂ ನೆಟ್ಟಗೆ ಲೆಕ್ಕ ಹಾಕಿಲ್ಲ. ಒಂದು ಮಾತು: ಹಳೆಯ ಅಂಕಿಗಳ ಜೊತೆ ಇವತ್ತಿನದನ್ನು ಹೋಲಿಸಿ "ಈ ಅಧ್ಯಕ್ಷನನ್ನು ಯಾರೂ ಕೇಳೋದಿಲ್ಲ" ಅನ್ನುವವರು ಇದ್ದಾರೆ. 1993ರಲ್ಲಿ ರಾತ್ರಿ ಟಿವಿ ಬಿಟ್ಟರೆ ಬೇರೆ ಏನಿತ್ತು ಅಂತಲೂ ಸ್ವಲ್ಪ ಯೋಚಿಸಬೇಕು.

ಪ್ರಶ್ನೆ: ಇಷ್ಟೆಲ್ಲ ಗದ್ದಲ ಆದ ಮೇಲೆ ಅಧ್ಯಕ್ಷರ ಜನಪ್ರಿಯತೆ ಏರುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆಯವರು ಭಾಷಣದ ಮೊದಲು ಮತ್ತು ನಂತರದ ಅಂಕಿಗಳನ್ನು ಹಲವು ಅಧ್ಯಕ್ಷರ ಕಾಲದಿಂದ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಸರಾಸರಿ ಬದಲಾವಣೆ ಹೆಚ್ಚುಕಡಿಮೆ ಸೊನ್ನೆ. ಒಂದೆರಡು ಅಂಶ ಮೇಲೆ, ಒಂದೆರಡು ಅಂಶ ಕೆಳಗೆ, ಅಷ್ಟೇ. ವಾರಗಟ್ಟಲೆ ಕೂತು ಬರೆದ ಭಾಷಣ, ನೂರಾರು ಕ್ಯಾಮೆರಾ, ಕೊನೆಗೆ ಗೆರೆ ಇದ್ದಲ್ಲೇ.

ಒಂದು ಸಲ ಮಾತ್ರ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಏರಿತು, 1998ರಲ್ಲಿ. ಅದರ ಕಥೆ ಕೇಳಬೇಕು. ಆ ಜನವರಿ 21ಕ್ಕೆ ಮೋನಿಕಾ ಲೆವಿನ್‌ಸ್ಕಿ ಹಗರಣ, ಅಂದರೆ ಶ್ವೇತಭವನದಲ್ಲಿ ಕೆಲಸಕ್ಕಿದ್ದ ಆ ಯುವತಿಯ ಜೊತೆ ಕ್ಲಿಂಟನ್‌ಗೆ ಸಂಬಂಧ ಇತ್ತು ಅನ್ನೋ ಸುದ್ದಿ, ಪತ್ರಿಕೆಗಳಲ್ಲಿ ಸ್ಫೋಟವಾಯಿತು. 26ಕ್ಕೆ ಕ್ಲಿಂಟನ್ ಬೆರಳು ಅಲ್ಲಾಡಿಸುತ್ತಾ ನಾನು ಅಂಥದ್ದೇನೂ ಮಾಡಿಲ್ಲ ಅಂದರು. 27ರ ರಾತ್ರಿ ಭಾಷಣ. ಇವರು ರಾಜೀನಾಮೆ ಕೊಡುತ್ತಾರಾ, ಅಳುತ್ತಾರಾ, ಕ್ಷಮೆ ಕೇಳುತ್ತಾರಾ ಅಂತ ಐದು ಕೋಟಿಗೂ ಹೆಚ್ಚು ಜನ ಟಿವಿ ಮುಂದೆ ಕೂತರು. ಮನುಷ್ಯ ಹಗರಣದ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ! ಮೂವತ್ತು ವರ್ಷದಲ್ಲಿ ಮೊದಲ ಸಲ ಆದಾಯ ಖರ್ಚು ಸರಿಹೋಗುವ ಬಜೆಟ್ ತರುತ್ತೇನೆ ಅಂದರು, ಉಳಿದ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟದೆ ಮೊದಲು ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ವಯಸ್ಸಾದವರ ಪಿಂಚಣಿ ನಿಧಿಗೆ, ಇಡಿ ಅಂದರು, ಏನೂ ಆಗಿಯೇ ಇಲ್ಲ ಅನ್ನುವಂತೆ ಇಳಿದು ಹೋದರು. ಗ್ಯಾಲಪ್‌ನಲ್ಲಿ ಅವರ ಅಂಕಿ ಹತ್ತು ಅಂಶ ಏರಿ ಶೇ. 69ಕ್ಕೆ ಹೋಯಿತು.

ಇದನ್ನು ಭಾಷಣದ ಪವಾಡ ಅಂತ ಬರೆದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಜನರ ಕೈಯಲ್ಲಿ ಕೆಲಸ ಇತ್ತು, ಸಂಬಳ ಬರುತ್ತಿತ್ತು, ಒಂದು ವಾರದಿಂದ ಟಿವಿಯಲ್ಲಿ ಮಲಗುವ ಕೋಣೆಯ ಮಾತೇ ಕೇಳಿ ಕೇಳಿ ಸಾಕಾಗಿತ್ತು. ಅಂಥ ಹೊತ್ತಿಗೆ ಒಬ್ಬರು ಪಿಂಚಣಿ, ಬಜೆಟ್ ಅಂತ ಮಾತಾಡಿದರು. ಜನ ಮೆಚ್ಚಿದ್ದು ಕ್ಲಿಂಟನ್ ಅವರನ್ನಾ ಅಥವಾ ವಿಷಯ ಬದಲಾಯಿತಲ್ಲ ಅನ್ನೋದನ್ನಾ? ಎರಡನೆಯದಕ್ಕೇ ನನ್ನ ಓಟು. ಆ ವರ್ಷದ ಡಿಸೆಂಬರ್‌ನಲ್ಲಿ ಅವರ ಮೇಲೆ ಮಹಾಭಿಯೋಗ ಬಂದೇ ಬಂತು, 1999ರ ಜನವರಿಯಲ್ಲಿ ಸೆನೆಟ್, ಅಂದರೆ ಮೇಲ್ಮನೆ, ವಿಚಾರಣೆ ನಡೆಯುತ್ತಿರುವಾಗಲೇ ಅವರು ಮತ್ತೆ ಬಂದು ಅದೇ ವೇದಿಕೆ ಮೇಲೆ ನಿಂತು ಆ ವರ್ಷದ ಭಾಷಣ ಮಾಡಿದರು.

ನಿಕ್ಸನ್‌ಗೆ ಆ ಅದೃಷ್ಟ ಇರಲಿಲ್ಲ. ಎದುರು ಪಕ್ಷದ ಕಚೇರಿಗೆ ಕನ್ನ ಹಾಕಿದ ವಾಟರ್‌ಗೇಟ್ ಹಗರಣ ಒಂದು ವರ್ಷ ನಡೆದಿದ್ದು ಸಾಕು ಅಂತ 1974ರ ಜನವರಿಯ ಭಾಷಣದಲ್ಲಿ ಅಂದರು. ಸಾಕಾಗಲಿಲ್ಲ. ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಪ್ರಶ್ನೆ: ಅವರೆಲ್ಲ ಮಾತು ಮಾತಿಗೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರಲ್ಲ, ಮೊದಲೇ ಹೇಳಿಕೊಟ್ಟಿರುತ್ತಾರಾ?

ಉತ್ತರ: ಹೇಳಿಕೊಡಬೇಕಾಗಿಲ್ಲ. ಅರ್ಧ ಸಭಾಂಗಣ ಏಳುತ್ತೆ, ಇನ್ನರ್ಧ ಕೈಕಟ್ಟಿ ಕೂರುತ್ತೆ, ಅಧ್ಯಕ್ಷರ ಪಕ್ಷ ಬದಲಾದರೆ ಎದ್ದವರು ಕೂರುತ್ತಾರೆ, ಕೂತವರು ಏಳುತ್ತಾರೆ. ಸೈನಿಕರ ಹೆಸರು ಬಂದರೆ ಎಲ್ಲರೂ ಏಳಲೇಬೇಕು. 2011ರಲ್ಲಿ ಅರಿಜೋನಾದ ಟೂಸಾನ್ ಊರಿನಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಮೇಲೆ ಗುಂಡು ಹಾರಿದ ಮೇಲೆ, ಆ ವರ್ಷದ ಭಾಷಣಕ್ಕೆ ಎರಡೂ ಪಕ್ಷದವರಲ್ಲಿ ಅನೇಕರು ಬೆರೆತು ಕೂತರು. ಆ ರಾತ್ರಿ ಯಾವ ಕಡೆ ಏಳಬೇಕು ಅಂತ ತಿಳಿಯದೆ ಚಪ್ಪಾಳೆಯೇ ಕಡಿಮೆಯಾಯಿತು, ನೋಡುವುದಕ್ಕೆ ಹಿತವಾಗಿತ್ತು. ಆ ಅಭ್ಯಾಸ ಉಳಿಯಲಿಲ್ಲ.

2019ರದ್ದು ಬೇರೆ ರೀತಿ. ಡೆಮಾಕ್ರಾಟ್ ಮಹಿಳೆಯರು, ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದವರ ನೆನಪಿಗೆ, ಬಿಳಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಟ್ರಂಪ್ ಮಾತಿಗೆ ಅವರು ಕೂತೇ ಇದ್ದರು. ಕಳೆದ ವರ್ಷ ಹೊಸದಾಗಿ ಹುಟ್ಟಿದ ಕೆಲಸಗಳಲ್ಲಿ ಬಹುಪಾಲು ಮಹಿಳೆಯರಿಗೆ ಸಿಕ್ಕಿದೆ ಅಂತ ಟ್ರಂಪ್ ಹೇಳಿದ್ದೇ ತಡ, ಎಲ್ಲರೂ ಎದ್ದು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾ ಕುಣಿದರು. ನಮಗೂ ಸಂಸತ್ತಿನಲ್ಲಿ ಹೊಸ ಕೆಲಸ ಸಿಕ್ಕಿತಲ್ಲ, ನಮ್ಮನ್ನು ಗೆಲ್ಲಿಸಿದ್ದು ನಿಮ್ಮ ಮೇಲಿನ ಸಿಟ್ಟೇ ಸ್ವಾಮಿ ಅನ್ನೋ ಅರ್ಥದಲ್ಲಿ. ಟ್ರಂಪ್ ಕೂಡ ನಕ್ಕರು. ಅಷ್ಟು ಹೊತ್ತಿನ ಭಾಷಣದಲ್ಲಿ ಎರಡೂ ಕಡೆಯವರು ನಿಜವಾಗಿ ಖುಷಿಪಟ್ಟಂತೆ ಕಂಡದ್ದು ಆ ಒಂದು ನಿಮಿಷ.

ಪ್ರಶ್ನೆ: ಮಧ್ಯದಲ್ಲಿ ಕೂಗುವುದು ಈಗೀಗ ಜಾಸ್ತಿಯಾಗಿದೆ. ಇದಕ್ಕೆ ಶಿಕ್ಷೆ ಇಲ್ಲವಾ? ಜನ ಇದನ್ನು ಒಪ್ಪುತ್ತಾರಾ?

ಉತ್ತರ: ಶಿಕ್ಷೆ ಇದೆ. ಆದರೆ ಅದರ ಜೊತೆಗೆ ಬಹುಮಾನವೂ ಸಿಗುತ್ತೆ, ತೊಂದರೆ ಇರುವುದೇ ಅಲ್ಲಿ.

2009ರ ಸೆಪ್ಟೆಂಬರ್‌ನಲ್ಲಿ ಒಬಾಮ ಆರೋಗ್ಯ ಯೋಜನೆ ಬಗ್ಗೆ ಎರಡೂ ಸದನಗಳ ಮುಂದೆ ಮಾತಾಡುತ್ತಿದ್ದರು. ಅದು ವಾರ್ಷಿಕ ಭಾಷಣ ಅಲ್ಲ, ಸಭಾಂಗಣ ಮತ್ತು ಶಿಷ್ಟಾಚಾರ ಮಾತ್ರ ಅದೇ. ದಕ್ಷಿಣ ಕ್ಯಾರೊಲಿನಾದ ರಿಪಬ್ಲಿಕನ್ ಸಂಸದ ಜೋ ವಿಲ್ಸನ್ ಕೂತಲ್ಲಿಂದಲೇ "ಸುಳ್ಳು ಹೇಳ್ತಿದ್ದೀಯ!" ಅಂತ ಕೂಗಿದರು. ಸಭೆಗೆ ಸಭೆಯೇ ಬೆಚ್ಚಿತು. ಅವತ್ತು ರಾತ್ರಿಯೇ ಅವರು ಕ್ಷಮೆ ಕೇಳಿದರು, ಆಮೇಲೆ ಹೌಸ್, ಅಂದರೆ ಕೆಳಮನೆ, 240ಕ್ಕೆ 179 ಮತಗಳಿಂದ ಅವರ ನಡತೆ ಒಪ್ಪುವುದಿಲ್ಲ ಅಂತ ನಿರ್ಣಯ ಮಾಡಿತು. ಇಷ್ಟು ಶಿಕ್ಷೆ. ಈಗ ಬಹುಮಾನ ನೋಡಿ: ಕೆಲವೇ ದಿನದಲ್ಲಿ ಅವರ ಚುನಾವಣಾ ನಿಧಿಗೆ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಬಂತು. ಅವರ ಎದುರಾಳಿಗೂ ಅಷ್ಟೇ ಬಂತು! ಸಿಟ್ಟು ಬಂದವರು ಅತ್ತ ಕೊಟ್ಟರು, ಖುಷಿಯಾದವರು ಇತ್ತ ಕೊಟ್ಟರು. ಎರಡೇ ಎರಡು ಪದಕ್ಕೆ ಇಷ್ಟು ಬೆಲೆ ಸಿಗುತ್ತೆ ಅಂತ ಗೊತ್ತಾದ ಮೇಲೆ ಯಾರು ಸುಮ್ನೆ ಕೂರುತ್ತಾರೆ?

ಮರುವರ್ಷ, 2010ರಲ್ಲಿ, ಚುನಾವಣೆಗೆ ಕಂಪನಿಗಳು ದುಡ್ಡು ಖರ್ಚು ಮಾಡಬಹುದು ಅನ್ನೋ ಸುಪ್ರೀಂ ಕೋರ್ಟ್ ತೀರ್ಪನ್ನು ಒಬಾಮ ಆ ನ್ಯಾಯಮೂರ್ತಿಗಳ ಎದುರಿಗೇ ಟೀಕಿಸಿದರು. ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ತಲೆ ಅಲ್ಲಾಡಿಸಿ "ನಿಜವಲ್ಲ" ಅಂತ ತುಟಿ ಅಲ್ಲಾಡಿಸಿದರು. ಸದ್ದೇ ಇಲ್ಲ, ತುಟಿ ಅಷ್ಟೇ. ಕ್ಯಾಮೆರಾ ಹಿಡಿದುಬಿಟ್ಟಿತು, ಭಾಷಣದ ಮಿಕ್ಕ ಮಾತೆಲ್ಲ ಮರೆತುಹೋಯಿತು.

ಕೂಗನ್ನು ಹೇಗೆ ಎದುರಿಸಬೇಕು ಅನ್ನೋದಕ್ಕೆ ನನಗೆ ಇಷ್ಟವಾದ ಪ್ರಸಂಗ 2023ರದ್ದು. ರಿಪಬ್ಲಿಕನ್ನರಲ್ಲಿ ಕೆಲವರು ಪಿಂಚಣಿ ಮತ್ತು ವಯಸ್ಸಾದವರ ಆರೋಗ್ಯ ವಿಮೆಗೆ ಕೊನೆಯ ದಿನ ಗೊತ್ತುಮಾಡಲು ಹೊರಟಿದ್ದಾರೆ ಅಂತ ಬೈಡನ್ ಅಂದರು. ಎದುರಿನವರು ಬೊಬ್ಬೆ ಹಾಕಿದರು, ಮಾರ್ಜೊರಿ ಟೇಲರ್ ಗ್ರೀನ್ ಎದ್ದು "ಸುಳ್ಳುಗಾರ" ಅಂತ ಕೂಗಿದರು. ಬೈಡನ್ ಬರೆದಿದ್ದನ್ನು ಬಿಟ್ಟು, ಹಾಗಾದರೆ ಇವುಗಳಿಗೆ ಕೈ ಹಾಕುವುದಿಲ್ಲ ಅಂತ ನಾವೆಲ್ಲ ಒಪ್ಪಿದ ಹಾಗಾಯಿತು, ವಯಸ್ಸಾದವರ ಪರ ಎದ್ದು ನಿಲ್ಲೋಣ ಅಂದುಬಿಟ್ಟರು. ಬೊಬ್ಬೆ ಹಾಕಿದವರೂ ಏಳಬೇಕಾಯಿತು. ಈ ಮನುಷ್ಯನಿಗೆ ವಯಸ್ಸಾಯಿತು, ಮಾತು ತೊದಲುತ್ತೆ ಅಂತ ಅವತ್ತಿನವರೆಗೆ ಹೇಳಿದವರು ಒಂದೆರಡು ದಿನ ಬಾಯಿ ಮುಚ್ಚಿಕೊಂಡರು. ಮುಂದೆ 2024ರಲ್ಲಿ ಅವರು ಚುನಾವಣಾ ಕಣದಿಂದಲೇ ಹಿಂದೆ ಸರಿಯಬೇಕಾಯಿತು ಅನ್ನೋದು ನಿಮಗೆ ಗೊತ್ತೇ ಇದೆ.

2025ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಡೆಮಾಕ್ರಾಟ್ ಆಲ್ ಗ್ರೀನ್ ಊರುಗೋಲು ಎತ್ತಿ ಟ್ರಂಪ್ ವಿರುದ್ಧ ಕೂಗಿದರು, ಬಡವರ ಆರೋಗ್ಯ ಯೋಜನೆಗೆ ಕತ್ತರಿ ಹಾಕುವ ಅಧಿಕಾರ ಜನ ನಿಮಗೆ ಕೊಟ್ಟಿಲ್ಲ ಅಂತ. ಸ್ಪೀಕರ್ ಅವರನ್ನು ಹೊರಗೆ ಕಳಿಸಿದರು. ಎರಡು ದಿನದ ಮೇಲೆ ಹೌಸ್ 224ಕ್ಕೆ 198 ಮತಗಳಿಂದ ಅವರಿಗೆ ಛೀಮಾರಿ ಹಾಕಿತು, ಅವರದೇ ಪಕ್ಷದ ಹತ್ತು ಜನ ಅದಕ್ಕೆ ಕೈ ಎತ್ತಿದರು. 2009ರಲ್ಲಿ ಜೋ ವಿಲ್ಸನ್‌ಗೆ ಶಹಬ್ಬಾಸ್ ಅಂದ ಎಷ್ಟೋ ಜನ 2025ರಲ್ಲಿ ಸಭೆಯ ಮರ್ಯಾದೆ ಹೋಯಿತು ಅಂದರು, ಅವತ್ತು ಮರ್ಯಾದೆ ಹೋಯಿತು ಅಂದವರು ಈಗ ಶಹಬ್ಬಾಸ್ ಅಂದರು. ಜನ ಒಪ್ಪುತ್ತಾರಾ ಅಂತ ಕೇಳಿದಿರಲ್ಲ. ಕೂಗಿದ್ದು ಯಾರು ಅಂತ ನೋಡಿಕೊಂಡು ಒಪ್ಪುತ್ತಾರೆ.

ಪ್ರಶ್ನೆ: 2020ರಲ್ಲಿ ಸ್ಪೀಕರ್ ನ್ಯಾನ್ಸಿ ಪೆಲೋಸಿ ಅಧ್ಯಕ್ಷರ ಭಾಷಣದ ಪ್ರತಿಯನ್ನೇ ಹರಿದರಲ್ಲ, ಅದು ಅತಿಯಾಯಿತು ಅಂತ ನನಗೆ ಈಗಲೂ ಅನ್ನಿಸುತ್ತೆ. ನಿಮ್ಮ ಅಭಿಪ್ರಾಯ?

ಉತ್ತರ: ಅತಿಯಾಯಿತು. ಆದರೆ ಶುರುವಿನಲ್ಲಿ ಅವರು ಚಾಚಿದ ಕೈಯನ್ನು ಟ್ರಂಪ್ ಹಿಡಿಯದೇ ತಿರುಗಿದ್ದೂ ಅದೇ ರಾತ್ರಿ. ಒಂದು ತುಣುಕು ನೋಡಿದವರಿಗೆ ಪೆಲೋಸಿ ತಪ್ಪು, ಇನ್ನೊಂದು ತುಣುಕು ನೋಡಿದವರಿಗೆ ಟ್ರಂಪ್ ತಪ್ಪು. ಎರಡನ್ನೂ ನೋಡಿದವರು ನಿಮಗೆ ಸಿಕ್ಕರೆ ಅವರ ಅಭಿಪ್ರಾಯ ಕೇಳಿ ನೋಡಿ.

ಪ್ರಶ್ನೆ: ಅಧ್ಯಕ್ಷರ ಮಾತು ಮುಗಿದ ಮೇಲೆ ವಿರೋಧ ಪಕ್ಷದವರೂ ಟಿವಿಯಲ್ಲಿ ಉತ್ತರ ಕೊಡುತ್ತಾರೆ. ಅದು ಯಾಕೆ ಪ್ರತಿ ಸಲ ನಗೆಪಾಟಲಾಗುತ್ತೆ ಮೇಡಂ ಅಥವಾ ಸರ್?

ಉತ್ತರ: ಸರ್. ಪ್ರತಿ ಸಲ ಅಲ್ಲ, ಆದರೆ ನಗೆಪಾಟಲಾದದ್ದು ಮಾತ್ರ ನೆನಪಿರುತ್ತೆ. ಶುರುವಾಗಿದ್ದು 1966ರಲ್ಲಿ, ರಿಪಬ್ಲಿಕನ್ ಪಕ್ಷದ ಎವರೆಟ್ ಡರ್ಕ್‌ಸನ್ ಮತ್ತು ಜೆರಾಲ್ಡ್ ಫೋರ್ಡ್ ಸೇರಿ ಕೊಟ್ಟರು. ಅದರ ಹಿಂದಿನ ವರ್ಷ ಲಿಂಡನ್ ಜಾನ್ಸನ್ ಭಾಷಣವನ್ನು ಮಧ್ಯಾಹ್ನದಿಂದ ರಾತ್ರಿಗೆ ತಂದಿದ್ದರು, ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿ. ಅಧ್ಯಕ್ಷರೊಬ್ಬರೇ ಆ ಹೊತ್ತನ್ನು ನುಂಗಿಬಿಟ್ಟರೆ ಹೇಗೆ ಅಂತ ಇವರೂ ಸಮಯ ಕೇಳಿದರು.

ಕಷ್ಟ ಏನು ಅಂದರೆ, ಅಧ್ಯಕ್ಷರ ಹಿಂದೆ ತುಂಬಿದ ಸಭೆ, ಚಪ್ಪಾಳೆ, ದೊಡ್ಡ ಬಾವುಟ. ಉತ್ತರ ಕೊಡುವವರ ಮುಂದೆ ಒಂದು ಕ್ಯಾಮೆರಾ, ಹಿಂದೆ ಖಾಲಿ ಗೋಡೆ. ನಕ್ಕರೆ ನಗುವವರಿಲ್ಲ, ನಿಲ್ಲಿಸಿದರೆ ಚಪ್ಪಾಳೆ ಇಲ್ಲ. ಅಧ್ಯಕ್ಷರು ನಿಜವಾಗಿ ಏನು ಹೇಳಿದರು ಅನ್ನೋದು ಗೊತ್ತಾಗುವ ಮೊದಲೇ ಇವರ ಉತ್ತರ ಬರೆದು ಮುಗಿದಿರುತ್ತೆ. 2013ರಲ್ಲಿ ರಿಪಬ್ಲಿಕನ್ ಸೆನೆಟರ್ ಮಾರ್ಕೊ ರೂಬಿಯೊ ಬಾಯಿ ಒಣಗಿ, ಕ್ಯಾಮೆರಾದಿಂದ ಕಣ್ಣು ತೆಗೆಯದೆ ಪಕ್ಕಕ್ಕೆ ಬಗ್ಗಿ ಪುಟ್ಟ ನೀರಿನ ಬಾಟಲಿ ಎತ್ತಿಕೊಂಡು ಕುಡಿದರು. ಅವರ ಹದಿನೈದು ನಿಮಿಷದ ಮಾತಿನಲ್ಲಿ ಜನಕ್ಕೆ ನೆನಪಿರುವುದು ಆ ಒಂದು ಗುಟುಕು. ಆದರೂ ಅವರು 2025ರಲ್ಲಿ ವಿದೇಶಾಂಗ ಮಂತ್ರಿಯಾದರು, ಹಾಗಾಗಿ ನಗೆಪಾಟಲಾದರೆ ಕಥೆ ಮುಗಿಯಿತು ಅಂತೇನೂ ಇಲ್ಲ. 2024ರಲ್ಲಿ ಅಲಬಾಮಾದ ಸೆನೆಟರ್ ಕೇಟಿ ಬ್ರಿಟ್ ತಮ್ಮ ಅಡುಗೆಮನೆಯಲ್ಲಿ ಕೂತು ಮಾತಾಡಿದರು. ಒಂದು ಸಾಲಿಗೆ ನಗು, ಮುಂದಿನ ಸಾಲಿಗೆ ಕಣ್ಣೀರಿನ ದನಿ. ಅದೇ ವಾರ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ನಟಿ ಸ್ಕಾರ್ಲೆಟ್ ಜೋಹಾನ್ಸನ್ ಅದನ್ನು ಅಣಕಿಸಿದರು. ಅವರದೇ ಪಕ್ಷದವರೂ ಅಡುಗೆಮನೆ ಯಾಕೆ ಬೇಕಿತ್ತು ಅಂತ ಗೊಣಗಿದರು.

ಪ್ರಶ್ನೆ: ಮೇಲಿನ ಗ್ಯಾಲರಿಯಲ್ಲಿ ಸಾಮಾನ್ಯ ಜನರನ್ನು ಕೂರಿಸಿ ತೋರಿಸುತ್ತಾರೆ. ನಾನಂತೂ ಪ್ರತಿ ಸಲ ಅಳುತ್ತೇನೆ. ಇದು ನಾಟಕವಾ?

ಉತ್ತರ: ಅಳು ಬಂದರೆ ಅಳಿ, ಅದರಲ್ಲಿ ತಪ್ಪೇನಿಲ್ಲ. ಮೊದಲು ಮಾಡಿದವರು ರೇಗನ್. 1982ರ ಜನವರಿ 13ಕ್ಕೆ ವಾಷಿಂಗ್ಟನ್‌ನಲ್ಲಿ ಹಿಮ ಬೀಳುತ್ತಿರುವಾಗ ಒಂದು ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಜನ ಸತ್ತರು. ದಡದಲ್ಲಿ ನಿಂತಿದ್ದ ಸರ್ಕಾರಿ ನೌಕರ ಲೆನ್ನಿ ಸ್ಕಟ್ನಿಕ್, ಮಂಜುಗಡ್ಡೆ ತೇಲುತ್ತಿದ್ದ ನೀರಿಗೆ ಹಾರಿ ಮುಳುಗುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಎಳೆದು ತಂದರು. ಎರಡು ವಾರದೊಳಗೆ ನಡೆದ ಭಾಷಣಕ್ಕೆ ರೇಗನ್ ಅವರನ್ನು ಕರೆಸಿ ತಮ್ಮ ಹೆಂಡತಿಯ ಪಕ್ಕ ಕೂರಿಸಿದರು. ಇಡೀ ಸಭೆ ಎದ್ದು ನಿಂತಿತು. ಅವತ್ತಿನಿಂದ ಅಲ್ಲಿನ ಪತ್ರಕರ್ತರು ಇಂಥ ಅತಿಥಿಗಳನ್ನು ಸ್ಕಟ್ನಿಕ್‌ಗಳು ಅಂತಲೇ ಕರೆಯುತ್ತಾರೆ.

ಆಮೇಲೆ ಬಂದ ಎಲ್ಲರೂ ಅದನ್ನು ಹಿಡಿದುಕೊಂಡರು. 2020ರಲ್ಲಿ ಟ್ರಂಪ್ ಒಬ್ಬ ಸೈನಿಕನನ್ನು ಯುದ್ಧಭೂಮಿಯಿಂದ ಕರೆಸಿ, ಗ್ಯಾಲರಿಯಲ್ಲಿ ಕೂತಿದ್ದ ಹೆಂಡತಿ ಮಕ್ಕಳ ಮುಂದೆ ದಿಢೀರ್ ಅಂತ ನಿಲ್ಲಿಸಿದರು. ರೇಡಿಯೊದಲ್ಲಿ ಬಲಪಂಥದ ಪರ ಮಾತಾಡುತ್ತಿದ್ದ ರಶ್ ಲಿಂಬಾಗೆ ಅಲ್ಲೇ ದೇಶದ ದೊಡ್ಡ ಪದಕ ಹಾಕಿಸಿದರು. ಮೊದಲನೆಯದಕ್ಕೆ ಎಲ್ಲರೂ ಕರಗಿದರು, ಎರಡನೆಯದಕ್ಕೆ ದೇಶ ಸರಿಯಾಗಿ ಅರ್ಧರ್ಧ ಸೀಳಿತು. ನನ್ನ ತಕರಾರು ಇಷ್ಟೇ: ಅತಿಥಿಯ ದುಃಖ ನಿಜ, ಆದರೆ ಅದರ ಪಕ್ಕದಲ್ಲಿ ತಂದಿಟ್ಟ ಮಸೂದೆ ಸರಿಯೋ ತಪ್ಪೋ ಅನ್ನೋದು ಬೇರೆ ಮಾತು. ಕಣ್ಣು ಒರೆಸಿಕೊಂಡ ಮೇಲೆ ಅದನ್ನೊಮ್ಮೆ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ನಾವು ಇಲ್ಲಿ ಬೆಳಗ್ಗೆ ಏಳೂವರೆಗೆ ಎದ್ದು ಕೂತು ನೋಡಿದೆವು. ಅವನಿಗೆ ಫೋನ್ ಮಾಡಿದರೆ "ನಾನು ನೋಡಲಿಲ್ಲಮ್ಮ, ಯಾರು ನೋಡ್ತಾರೆ ಅದನ್ನ" ಅಂದ. ಇರುವ ದೇಶದ ಬಗ್ಗೆ ಇಷ್ಟು ಅಸಡ್ಡೆಯಾ?

ಉತ್ತರ: ಬೈಯಬೇಡಿ ತಾಯಿ, ಅವನ ಜೊತೆ ಹತ್ತರಲ್ಲಿ ಒಂಬತ್ತು ಜನ ಇದ್ದಾರೆ. ಮತ್ತೆ, ಅಧ್ಯಕ್ಷರು ಬಂದು ಮಾತಾಡಲೇಬೇಕು ಅಂತ ಅಲ್ಲಿನ ಸಂವಿಧಾನವೇ ಹೇಳುವುದಿಲ್ಲ. ಆಗಾಗ ಕಾಂಗ್ರೆಸ್ಸಿಗೆ ದೇಶದ ಸ್ಥಿತಿಗತಿ ತಿಳಿಸಬೇಕು ಅಂತಷ್ಟೇ ಇದೆ. ವರ್ಷಕ್ಕೊಮ್ಮೆ ಅಂತಲೂ ಇಲ್ಲ, ಟಿವಿಯಲ್ಲಿ ಅಂತೂ ಇರುವುದಕ್ಕೆ ಸಾಧ್ಯವೇ ಇಲ್ಲ.

1790ರಲ್ಲಿ ಜಾರ್ಜ್ ವಾಷಿಂಗ್ಟನ್ ನ್ಯೂಯಾರ್ಕಿನಲ್ಲಿ ಮೊದಲ ಭಾಷಣ ಮಾಡಿದರು, ಬರೀ 1,089 ಪದ. ಆಗ ಅದಕ್ಕೆ ಪ್ರತಿಕ್ರಿಯೆ ಹೇಗಿರುತ್ತಿತ್ತು ಗೊತ್ತಾ? ಎರಡೂ ಸದನಗಳು ಕೂತು ಚರ್ಚಿಸಿ, ಬರಹದಲ್ಲಿ ಉತ್ತರ ಸಿದ್ಧಮಾಡಿ, ಸದಸ್ಯರೆಲ್ಲ ಅಧ್ಯಕ್ಷರ ಮನೆಗೆ ಹೋಗಿ ಓದಿ ಹೇಳುತ್ತಿದ್ದರು. ಅದಕ್ಕೆ ಅಧ್ಯಕ್ಷರು ಮತ್ತೆ ಉತ್ತರ ಕೊಡುತ್ತಿದ್ದರು! 1801ರಲ್ಲಿ ಥಾಮಸ್ ಜೆಫರ್ಸನ್ ಬಂದು ಇದೆಲ್ಲ ರಾಜರ ದರ್ಬಾರಿನ ಹಾಗಿದೆ ಅಂತ ಬಿಟ್ಟು, ಬರೆದು ಕಳಿಸಿದರು. ಆಮೇಲೆ 112 ವರ್ಷ ಬರೀ ಕಾಗದವೇ. 1913ರಲ್ಲಿ ವುಡ್ರೊ ವಿಲ್ಸನ್ ಮತ್ತೆ ಸ್ವತಃ ಬಂದು ಓದಿದರು. 1923ರಲ್ಲಿ ಕೂಲಿಜ್ ಕಾಲಕ್ಕೆ ರೇಡಿಯೊ, 1947ರಲ್ಲಿ ಟ್ರೂಮನ್ ಕಾಲಕ್ಕೆ ಟಿವಿ. ಲಿಂಕನ್ ಅಂಥವರ ವಾರ್ಷಿಕ ಸಂದೇಶವನ್ನು ಅವರ ಬಾಯಿಂದ ಕೇಳಿದವರು ಯಾರೂ ಇಲ್ಲ, ಹಾಗಾಗಿ ನಿಮ್ಮ ಮಗ ಕೇಳಲಿಲ್ಲ ಅಂದರೆ ಆಕಾಶ ಬೀಳುವುದಿಲ್ಲ.

ಇನ್ನೊಂದು ಹೇಳುತ್ತೇನೆ, ನಗುತ್ತೀರಿ. 2010ರಲ್ಲಿ ಒಬಾಮ ಅವರ ಭಾಷಣ ಫೆಬ್ರವರಿ 2ಕ್ಕೆ ಇರಬಹುದು ಅಂತ ಸುದ್ದಿಯಾಯಿತು. ಅವತ್ತೇ ಒಂದು ಜನಪ್ರಿಯ ಧಾರಾವಾಹಿಯ ಕೊನೆಯ ಸೀಸನ್ ಶುರು. ಅಭಿಮಾನಿಗಳು ಎಂಥ ಗಲಾಟೆ ಎಬ್ಬಿಸಿದರು ಅಂದರೆ, ಆ ಧಾರಾವಾಹಿಗೆ ಅಡ್ಡ ಬರುವುದಿಲ್ಲ ಅಂತ ಶ್ವೇತಭವನದ ವಕ್ತಾರರೇ ಪತ್ರಕರ್ತರ ಮುಂದೆ ಭರವಸೆ ಕೊಟ್ಟರು. ಭಾಷಣ ಜನವರಿ 27ಕ್ಕೆ ನಡೆಯಿತು. ಆ ಭಾಷಣಕ್ಕೆ ಬಂದ ಸಾರ್ವಜನಿಕ ಪ್ರತಿಕ್ರಿಯೆಗಳಲ್ಲಿ ಸರ್ಕಾರ ತಕ್ಷಣ ಮಣಿದದ್ದು ಇದೊಂದಕ್ಕೇ ಅಂತ ಕಾಣುತ್ತೆ.

ಪ್ರಶ್ನೆ: ದೇಶ ಚೆನ್ನಾಗಿಲ್ಲ ಅಂತ ಯಾರಾದರೂ ಅಧ್ಯಕ್ಷರು ಒಪ್ಪಿಕೊಂಡದ್ದಿದೆಯಾ?

ಉತ್ತರ: ಇದೆ. ಜೆರಾಲ್ಡ್ ಫೋರ್ಡ್, 1975. ದೇಶದ ಸ್ಥಿತಿ ಚೆನ್ನಾಗಿಲ್ಲ ಅಂತ ನೇರ ಹೇಳಿದರು, ಲಕ್ಷಗಟ್ಟಲೆ ಜನರಿಗೆ ಕೆಲಸ ಇಲ್ಲ ಅಂದರು. ಮುಂದಿನ ವರ್ಷ ಚುನಾವಣೆಯಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಆಮೇಲಿನವರು ಏನೇ ಆಗಲಿ ದೇಶ ಗಟ್ಟಿಮುಟ್ಟಾಗಿದೆ ಅಂತಲೇ ಹೇಳುತ್ತಾ ಬಂದಿದ್ದಾರೆ.

ಪ್ರಶ್ನೆ: ಭಾಷಣದಲ್ಲಿ ಸುಳ್ಳು ಹೇಳಿದರೆ ಜನರಿಗೆ ಗೊತ್ತಾಗುತ್ತಾ? ಗೊತ್ತಾದರೂ ಏನಾದರೂ ಆಗುತ್ತಾ?

ಉತ್ತರ: ಈಗ ಗೊತ್ತಾಗುತ್ತೆ. ಫ್ಯಾಕ್ಟ್‌ಚೆಕ್, ಪಾಲಿಟಿಫ್ಯಾಕ್ಟ್ ಥರದವರು ಒಂದೊಂದು ಅಂಕಿಯನ್ನೂ ಹಿಡಿದು ರಾತ್ರಿಯೇ ತಿಕ್ಕಿ ನೋಡುತ್ತಾರೆ. 2003ರಲ್ಲಿ ಹಾಗಿರಲಿಲ್ಲ. ಇರಾಕಿನ ಸದ್ದಾಂ ಹುಸೇನ್ ಆಫ್ರಿಕಾದಿಂದ ಯುರೇನಿಯಂ ತರಿಸಲು ನೋಡಿದ್ದಾನೆ, ಇದನ್ನು ಬ್ರಿಟಿಷ್ ಸರ್ಕಾರ ತಿಳಿದುಕೊಂಡಿದೆ ಅಂತ ಬುಷ್ ಹೇಳಿದರು. ಇಂಗ್ಲಿಷಿನಲ್ಲಿ ಬರೀ 16 ಪದ. ಅವತ್ತು ಸಭೆ ಅದನ್ನು ಸುಮ್ನೆ ಕೇಳಿತು, ಜನರೂ ಕೇಳಿದರು. ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಜುಲೈನಲ್ಲಿ ಶ್ವೇತಭವನವೇ ಆ ಮಾತು ಭಾಷಣದಲ್ಲಿ ಇರಬಾರದಿತ್ತು ಅಂತ ಒಪ್ಪಿಕೊಂಡಿತು, ಆ ಹೊತ್ತಿಗೆ ಸೈನ್ಯ ಬಾಗ್ದಾದ್‌ನಲ್ಲಿತ್ತು. ಮರುವರ್ಷ ಬುಷ್ ಮತ್ತೆ ಗೆದ್ದರು. ಇಷ್ಟು ದೊಡ್ಡ ಮಾತಿಗೆ ಆ ರಾತ್ರಿ ಒಬ್ಬರೂ ಕೂಗಲಿಲ್ಲ, ಕೈ ಕುಲುಕದಿದ್ದಕ್ಕೆ ಮಾತ್ರ ವಾರಗಟ್ಟಲೆ ಚರ್ಚೆ ನಡೆಯುತ್ತೆ. ಪ್ರತಿಕ್ರಿಯೆಯ ಸದ್ದನ್ನು ನೋಡಿ ಭಾಷಣದ ತೂಕ ಹೇಳುವವರ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ.

ಪ್ರಶ್ನೆ: 2025ರಲ್ಲಿ ಟ್ರಂಪ್ ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದರಂತೆ. ಅಷ್ಟು ಹೊತ್ತು ಯಾರು ಕೂರುತ್ತಾರೆ? ತುಣುಕು ನೋಡಿದರೆ ಸಾಲದಾ?

ಉತ್ತರ: ತುಣುಕು ಬೇಡ, ಓದಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನವರು ವಾಷಿಂಗ್ಟನ್ ಕಾಲದಿಂದ ಇವತ್ತಿನವರೆಗಿನ ಎಲ್ಲ ಭಾಷಣಗಳ ಪಠ್ಯವನ್ನೂ ಒಂದೇ ಕಡೆ ಇಟ್ಟಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಚಪ್ಪಾಳೆ, ಏಳುವುದು, ಕೂರುವುದು ಯಾವುದೂ ಇಲ್ಲದ್ದರಿಂದ ಬೇಗ ಮುಗಿಯುತ್ತೆ. ಜನರ ಪ್ರತಿಕ್ರಿಯೆಯೇ ಬೇಕು ಅಂದರೆ ಸಿ-ಸ್ಪ್ಯಾನ್ ಚಾನೆಲ್ ನೋಡಿ. ಭಾಷಣದ ನಂತರ ಅವರು ಫೋನ್ ಕರೆ ತೆಗೆದುಕೊಳ್ಳುತ್ತಾರೆ, ರಿಪಬ್ಲಿಕನ್ನರಿಗೆ ಒಂದು ನಂಬರ್, ಡೆಮಾಕ್ರಾಟರಿಗೆ ಒಂದು, ಯಾವ ಪಕ್ಷಕ್ಕೂ ಸೇರದವರಿಗೆ ಇನ್ನೊಂದು. ಮೊದಲೆರಡರಲ್ಲಿ ಏನು ಬರುತ್ತೆ ಅಂತ ನೀವೇ ಊಹಿಸಬಹುದು. ಮೂರನೆಯ ನಂಬರಿನವರು ಮಾತ್ರ ಕೆಲವು ಸಲ ಭಾಷಣ ಬಿಟ್ಟು ತಮ್ಮ ಔಷಧಿ ಬಿಲ್ಲಿನ ಬಗ್ಗೆಯೇ ಮಾತಾಡಲು ಶುರುಮಾಡುತ್ತಾರೆ, ನಿರೂಪಕರು ಭಾಷಣದ ಬಗ್ಗೆ ಹೇಳಿ ಅಂದರೂ ಬಿಡುವುದಿಲ್ಲ. ಅವರ ಕರೆ ಬಂದಾಗ ದನಿ ಜಾಸ್ತಿ ಮಾಡಿ ಕೇಳಿ.